ಪರೀಕ್ಷಾ ಪುಟ

ಸರಸ್ವತೀಪುರಂ, ಪೇಂಟಿನಂಗಡಿಯ ಮೇಲೆ
ಹತ್ತಕ್ಕೆ ಹನ್ನೆರಡಡಿ ಕೋಣೆ.
ಏಪ್ರಿಲಿನಲ್ಲೂ ಸ್ವೆಟರು ನನಗೆ.
ಸರ್ವರಿಗೆ ಸೆಕೆಯಾಗಬಾರದಲ್ಲ.

ಇಲ್ಲಿಗೇ ಜೋತುಬಿದ್ದಿವೆ ಸಂಘದ ಹನ್ನೊಂದು ಶಾಖೆ:
ಬನ್ನೂರು, ಮಳವಳ್ಳಿ, ಕಿರುಗಾವಲು, ಅತ್ತ ಕಿಕ್ಕೇರಿ.
ಅಲ್ಲಿ ಅವರು ಕೀಲಿ ಒತ್ತುತ್ತಾರೆ,
ಲೆಕ್ಕ ಇಲ್ಲಿ ನಡೆಯುತ್ತದೆ,
ಕಾಗದ ಮತ್ತೆ ಅಲ್ಲೇ ಬೀಳಬೇಕು.
ಇಷ್ಟೇ ನನ್ನ ಉದ್ಯೋಗ,
ಬೀಳಬೇಕಾದಲ್ಲಿ ಬೀಳಿಸುವುದು.

ಹೇಳಿದಷ್ಟು ಸಲೀಸಲ್ಲ.
ಬೆಳಿಗ್ಗೆ ಒಬ್ಬರು ಲಾಗಿನ್ ಆದರೆ ಸಾಕು,
ಅವರ ಮೇಜಿನ ಪ್ರಿಂಟರಿಗೆ ಇಲ್ಲೊಂದು ನೆರಳು ಹುಟ್ಟುತ್ತದೆ
ಬಾಲಕ್ಕೊಂದು ಅಂಕಿ ಕಟ್ಟಿಕೊಂಡು:
ಇವತ್ತು ನಾಲ್ಕು, ನಾಳೆ ಹದಿನೇಳು.
ಸಂಜೆ ಅವರು ಎದ್ದುಹೋದರೆ ನೆರಳೂ ಇಲ್ಲ.
ನಿನ್ನೆಯ ನಾಲ್ಕನ್ನು ನೆಚ್ಚಿಕೊಂಡ ರಸೀದಿ
ಸಾಲಿನಲ್ಲಿ ಕೂತೇ ಇರುತ್ತದೆ,
ರೇಷನ್ ಅಂಗಡಿ ಮುಂದೆ
ಜಾಗ ಹಿಡಿಯಲು ಇಟ್ಟುಹೋದ ಚೀಲದ ಹಾಗೆ.

ಫೋನು.
"ಮುಜೀಬಣ್ಣ, ಪ್ರಿಂಟೇ ಬತ್ತಾ ಇಲ್ಲ ಕಣಣ್ಣ,
ಜನ ಕುಂತವ್ರೆ."
ಕಿರುಗಾವಲಿನ ಚೆನ್ನಾಜಮ್ಮ.
ಚಿನ್ನದ ಸಾಲದ ಕೌಂಟರು, ಇಪ್ಪತ್ತೆರಡು ವರ್ಷ.
ಮುಖ ನೋಡಿಲ್ಲ ನಾನು. ಪರದೆ ಗೊತ್ತು:
ಗಗನಚುಕ್ಕಿಯ ಚಿತ್ರ, ಅದರ ನೀರಿನ ಮೇಲೆ
"ಹೊಸದು", "ಹೊಸದು ೨", "ನಿಜವಾದ ಹೊಸದು" ಎಂಬ ಕಡತಗಳು.
ನಾನು ಒಳಗೆ ಬಂದೊಡನೆ
ಅವರ ಬಾಣ ಸರಕ್ಕನೆ ಮೂಲೆಗೆ ಸರಿಯುತ್ತದೆ,
ಬಂದವರಿಗೆ ಕುರ್ಚಿ ಬಿಟ್ಟು ನಿಂತ ಹಾಗೆ.

"ಹಳೇ ಡ್ರೈವರ್ ತೆಗೆದೆ ಅಮ್ಮ. ಬಂತಾ?"
"ಬಂತು, ಬಂತು. ಅಯ್ಯೋ, ಅಕ್ಸರ ಇಲ್ಲ,
ಬರೀ ಚೌಕ ಚೌಕ ಬಂದದೆ."
"ಫಾಂಟು."
"ಅದ್ಯಾವನಣ್ಣ ಅವನು?"

ಮೊನ್ನೆ ಗುರುವಾರ ಸಂಜೆ ಆರೂವರೆ.
ಹತ್ತು ಶಾಖೆ ಮುಚ್ಚಿ ಒಂದೇ ಸೆಶನ್ನು ಉಳಿದಿತ್ತು.
ಬೀರುವಿನ ಮೇಲಿನ ನನ್ನ ಲೇಸರು
ತಾನಾಗಿ ಕೆಮ್ಮಿ, ಬಿಸಿಯಾಗಿ,
ಒಂದು ಹಾಳೆ ಹೊರಹಾಕಿತು.
ಮಧ್ಯಾಹ್ನ ಪರೀಕ್ಷೆಗೆಂದು ಡೀಫಾಲ್ಟ್ ಇತ್ತ ಎಳೆದವನು
ವಾಪಸು ಇಡಲು ಮರೆತಿದ್ದೆ.

ಎತ್ತಿಕೊಂಡೆ. ಚೌಕಗಳಿರಲಿಲ್ಲ.
ಒಂದೂವರೆ ಸಾಲು ಓದಿಬಿಟ್ಟೆ:
*ಮಾನ್ಯ ಕಾರ್ಯದರ್ಶಿಗಳಿಗೆ,
ಇನ್ನು ಮುಂದೆ ನನ್ನ ಕೈಯಲ್ಲಿ*

ಬೋರಲು ಹಾಕಿದೆ.
ಇನ್ನೂ ಬೆಚ್ಚಗಿತ್ತು.

"ಅಣ್ಣ, ಬರ್ಲಿಲ್ಲ." ಜನ ಕುಂತವ್ರೆ ಎನ್ನಲಿಲ್ಲ.
"ನೋಡ್ತೀನಿ ಅಮ್ಮ."
ನೋಡುವುದೇನು, ಒಂದು ಗುರುತು
ಇಲ್ಲಿಂದ ತೆಗೆದು ಅಲ್ಲಿಡುವುದು.
ಅಷ್ಟಕ್ಕೆ ಏಳು ನಿಮಿಷ ತೆಗೆದುಕೊಂಡೆ.
"ಈಗ ಕೊಡಿ. ನಿಮ್ಮಲ್ಲೇ ಬರುತ್ತೆ."
"ಮೊದಲ್ನೇದು ಎಲ್ಲೋಯ್ತು?"
"ಎಲ್ಲೂ ಹೋಗಿಲ್ಲ. ಸಾಲಿನಲ್ಲೇ ಅಳಿಸಿಬಿಟ್ಟೆ."
ಆ ಕಡೆ ಫ್ಯಾನಿನ ಸದ್ದು.
ಯಾರೋ ಶಟರು ಅರ್ಧ ಎಳೆದದ್ದು.
"ಅಳ್ಸಕ್ಕೆ ಬತ್ತದಾ?"
"ಬರುತ್ತೆ. ಪ್ರಿಂಟಾಗೋ ತನಕ."

ಹಾಳೆಯನ್ನು ನಾಲ್ಕಾಗಿ, ಎಂಟಾಗಿ ಹರಿದೆ.
ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ,
ಪೇಂಟಿನಂಗಡಿ ಹುಡುಗ ಎಲ್ಲವನ್ನೂ ಓದುತ್ತಾನೆ.
ಜೇಬಿನಲ್ಲೇ ಮಂಡಿ ಮೊಹಲ್ಲದ ತನಕ ಒಯ್ದು
ಕಡಲೆಕಾಯಿ ಹುರಿಯುವವನ ಒಲೆಗೆ ಕೊಟ್ಟೆ.
"ಏನ್ ಸಾ, ಲವ್ ಲೆಟರಾ?" ಅಂದ.
ಹತ್ತು ರೂಪಾಯಿಯದು ಕಟ್ಟಿಸಿಕೊಂಡೆ.

ಶುಕ್ರವಾರ. ಒಂಬತ್ತೂವರೆ, ಮುಕ್ಕಾಲು.
ಕಿಕ್ಕೇರಿ ಬಂತು, ಬನ್ನೂರು ಬಂತು.
ಹತ್ತಕ್ಕೆ ಎರಡು ನಿಮಿಷವಿರುವಾಗ
ಕಿರುಗಾವಲು.
ನೆರಳು ಹುಟ್ಟಿತು. ಅಂಕಿ ಒಂಬತ್ತು.

ಕೇಳುವಂತಿಲ್ಲ. ಕೇಳಿದರೆ ಓದಿದ್ದೇನೆ ಎಂದಾಗುತ್ತದೆ.
"ಅಮ್ಮ, ಒಂದು ಪರೀಕ್ಷಾ ಪುಟ ಕಳಿಸ್ತೀನಿ, ನೋಡಿ."
ಫೋನಿನೊಳಗೆ ಅವರ ಡಾಟ್ ಮ್ಯಾಟ್ರಿಕ್ಸು
ಹಲ್ಲು ಕಡಿಯುತ್ತ ಹೋಯಿತು, ತಿರುಗಿ ಬಂತು,
ಹೋಯಿತು, ಬಂತು.
"ಏನಂತೆ ಅಮ್ಮ?"
"ಎಲ್ಲಾ ಸರಿಯಾಗಿ ಕೆಲ್ಸ ಮಾಡ್ತಾ ಅದೆ
ಅಂತ ಬಂದದೆ."
ಸ್ವಲ್ಪ ಹೊತ್ತು ಬಿಟ್ಟು,
"ಇದ ಯಾರಣ್ಣ ಬರ್ದಿರದು?"
ಗೊತ್ತಿಲ್ಲ ಅಂದೆ.
"ಇರ್ಲಿ. ಮಡಗ್ತೀನಣ್ಣ,
ಜನ ಕುಂತವ್ರೆ."